ಹತ್ತದ ಮೆಟ್ಟಿಲು

ಬಾರ್ನ್‌ಸ್ಲಿಯ ಮೆಥಡಿಸ್ಟ್ ಹಾಲಿನ ಕೀಲಿಕೈ ನನ್ನ ಬಳಿ ಇರುತ್ತದೆ.
ಮಂಗಳವಾರ ಸಂಜೆ ಟೇಬಲ್ ಟೆನ್ನಿಸ್ ಮೇಜನ್ನು ಗೋಡೆಗೆ ದೂಡಿ
ಕುರ್ಚಿಗಳನ್ನು ದುಂಡಗೆ ಹಾಕುವುದು ನನ್ನ ಕೆಲಸ.
ಎದುರುಬದುರು ಹಾಕಕೂಡದು;
ಹಾಗೆ ಹಾಕಿದರೆ ಯಾವುದಾದರೂ ಒಂದು ಕುರ್ಚಿ
ತಾನಾಗಿಯೇ ಕಟಕಟೆಯಾಗಿಬಿಡುತ್ತದೆ.

ಇವತ್ತು ಐದು.
ಕಾನ್‌ಸ್ಟೇಬಲ್ ನಸ್ರೀನ್, ಟೋಪಿ ತೆಗೆದು ತೊಡೆಯ ಮೇಲೆ.
ಲಿನೆಟ್, ಕೆಲಸದಿಂದ ನೇರ ಬಂದವಳು,
ಗೋದಾಮಿನ ಗುರುತುಚೀಟಿ ಇನ್ನೂ ಕೊರಳಲ್ಲಿ.
ಅವಳ ಮಗ ಕೀನನ್, ಹದಿಮೂರು ತುಂಬಿ ಎರಡು ತಿಂಗಳು,
ಅಂಗಿಯ ಮುಸುಕಿನಿಂದ ಹೊರಗೆ ಮೂಗು ಮಾತ್ರ.
ಗಣಿ ಮುಚ್ಚಿದ ವರ್ಷದಿಂದ
ಪಾರಿವಾಳ ಸಾಕಿಕೊಂಡಿರುವ ಹಿಂಚ್ಲಿಫ್ ಅಜ್ಜ.
ಮತ್ತೆ ನಾನು, ಚಹಾದ ಕೆಟಲ್ಲಿಗೆ ಹತ್ತಿರ.

ನಡೆದದ್ದು ಇಷ್ಟು:
ಇಬ್ಬರು ದೊಡ್ಡ ಹುಡುಗರು, ಒಂದು ಸರಳು, ಗೂಡಿನ ಚಿಲಕ.
ದೊಡ್ಡವರು ಓಡಿದರು.
ಹಾರುವುದನ್ನು ನೋಡುತ್ತ ನಿಂತವನು ಸಿಕ್ಕಿಬಿದ್ದ.
ಹೊರಗೆ ಹೋದದ್ದು ಹತ್ತೊಂಬತ್ತು,
ಬೆಳಕು ಹರಿಯುವಾಗ ಮರಳಿದ್ದು ಹದಿನೆಂಟು.
ಉಳಿದ ಒಂದರದ್ದು
ನರಿ ಬಿಟ್ಟುಹೋದ ಅರ್ಧ ರೆಕ್ಕೆ.

ಅಜ್ಜ ಬೆಂಕಿಪೊಟ್ಟಣ ತೆರೆದ.
ಒಳಗೆ ಹಕ್ಕಿಯ ಕಾಲಿನ ಉಂಗುರ, ನೀಲಿ, ಅದರ ಮೇಲೆ ನಂಬರು.
‘ಫ್ರಾನ್ಸಿನಿಂದ ಸಮುದ್ರ ದಾಟಿ ಬಂದವಳು’ ಅಂದ,
‘ನಿನ್ನನ್ನು ದಾಟಲು ಆಗಲಿಲ್ಲ.’
ಲಿನೆಟ್ ಅಳಲಿಲ್ಲ. ಚೀಟಿಯ ದಾರವನ್ನು
ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು.
ನಾನು ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದೆ. ಯಾರೂ ಮುಟ್ಟಲಿಲ್ಲ.

ಈ ಮೌನ ನನಗೆ ಗೊತ್ತು. ತಡೆದುಕೊಳ್ಳಬೇಕು.
ತುಂಬಲು ಹೋದರೆ ಹುಡುಗ ತಪ್ಪಿಸಿಕೊಳ್ಳುತ್ತಾನೆ.

ನನ್ನ ತಮ್ಮನಿಗೆ ಯಾರೂ ಹೀಗೆ ಕುರ್ಚಿ ಹಾಕಿರಲಿಲ್ಲ.
ಅವನು ಕದ್ದದ್ದು ಒಂದು ಕಾರಿನ ರೇಡಿಯೊ, ಹದಿನೈದರಲ್ಲಿ.
ಚಿಕ್ಕಪ್ಪನ ಟೈ ಕಟ್ಟಿಸಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದ.
ಹನ್ನೊಂದು ಮೆಟ್ಟಿಲು. ಹಿಂದೆ ನಡೆದವಳು ನಾನು, ಎಣಿಸಿದ್ದೆ.
ಒಳಗೆ ಹೋದವನು ರೇಡಿಯೊ ಕದ್ದ ಹುಡುಗ,
ಹೊರಗೆ ಬಂದವನು ಕಳ್ಳ.
ಆಮೇಲೆ ಬದುಕಿಡೀ ಆ ಹೆಸರಿಗೆ ಸರಿಹೊಂದಲು
ಅವನು ಪಟ್ಟ ಪಾಡು!
ಇದನ್ನು ಪ್ಯಾನೆಲ್ಲಿನಲ್ಲಿ ಹೇಳುವಂತಿಲ್ಲ.
ಹಾಗಾಗಿ ಚಹಾ ಬಗ್ಗಿಸುತ್ತೇನೆ.

ಕೊನೆಗೆ ಮುಸುಕಿನೊಳಗಿಂದ, ನೆಲಕ್ಕೆ:
‘ಬಾಗಿಲು ತೆಗೆದಿತ್ತಲ್ಲ,
ಮತ್ತೆ ಯಾಕೆ ವಾಪಸ್ ಬಂದವು?’

ಕ್ಷಮೆ ಕೇಳುತ್ತಾನೆಂದು ಕಾದಿದ್ದೆವು ನಾವೆಲ್ಲ.
ನಸ್ರೀನಳ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.
ಅಜ್ಜ ಅವನನ್ನು ದುರುಗುಟ್ಟಿ ನೋಡಿದ.
‘ಹೊಟ್ಟೆಗೆ. ಇನ್ಯಾತಕ್ಕೆ?
ನನ್ನ ಮುಖ ನೋಡೋಕಾ?’
ಲಿನೆಟ್‌ಗೆ ನಗು ಬಂತು, ತಡೆಯಲಾಗದ ಕೆಟ್ಟ ನಗು,
ಆಮೇಲೆ ಅಳು.

ಒಪ್ಪಂದ: ಎಂಟು ಶನಿವಾರ,
ಬೆಳಿಗ್ಗೆ ಒಂಬತ್ತಕ್ಕೆ, ಗೂಡಿನ ಹಿಕ್ಕೆ ಕೆರೆಯುವುದು.
ಹೊಸ ಚಿಲಕದ ದುಡ್ಡು, ವಾರಕ್ಕೆ ಎರಡು ಪೌಂಡಿನಂತೆ.
ನಸ್ರೀನ್ ಬರೆದಳು, ಹುಡುಗ ಸಹಿ ಹಾಕಿದ,
ಶಾಲೆಯ ಪುಸ್ತಕದ ಮೇಲೆ ಬರೆಯುವ ಹಾಗೆ, ಪೂರ್ತಿ ಹೆಸರು.
ಆ ಕಾಗದ ಅವಳ ಫೈಲಿಗೆ ಹೋಯಿತು.
ಹನ್ನೊಂದು ಮೆಟ್ಟಿಲ ಕಡೆಗೆ ಹೋಗಲಿಲ್ಲ.

ಮೊದಲ ಶನಿವಾರ ಬಂದ. ಎರಡನೆಯದಕ್ಕೂ.
ಮೂರನೆಯದಕ್ಕೆ ಬರಲಿಲ್ಲ;
ಅಜ್ಜ ನನಗೆ ಫೋನು ಮಾಡಿ ಬೈದ,
ನಾನು ಲಿನೆಟ್‌ಗೆ, ಲಿನೆಟ್ ಅವನಿಗೆ.
ಬೈಗುಳವೂ ಹೀಗೆ ಕೈಬದಲಾಗುತ್ತ ಹೋದರೆ
ಮನೆ ಮುಟ್ಟುವಷ್ಟರಲ್ಲಿ ಸ್ವಲ್ಪ ಬಿಸಿ ಆರಿರುತ್ತದೆ.

ನಾಲ್ಕನೆಯ ಶನಿವಾರ ಬಸ್ಸಿನ ಕಿಟಕಿಯಿಂದ ಕಂಡ.
ಗೂಡಿಗೂ ಮೆಟ್ಟಿಲಿದೆ, ಮೂರೇ, ಹಳೆಯ ರೈಲುಹಲಗೆಯವು.
ಮೇಲಿನದರ ಮೇಲೆ ಕುಕ್ಕರಗಾಲಲ್ಲಿ ಕೂತು
ಕಾಳಿನ ಡಬ್ಬಿ ಅಲ್ಲಾಡಿಸುತ್ತಿದ್ದ, ಆಕಾಶ ನೋಡುತ್ತ.
ಮುಸುಕು ಬೆನ್ನಿಗೆ ಬಿದ್ದಿತ್ತು.
ಅವನ ಎಡಕಿವಿ ಬಲಕ್ಕಿಂತ ಸ್ವಲ್ಪ ದೊಡ್ಡದು,
ನನಗೆ ಆವತ್ತೇ ಗೊತ್ತಾದದ್ದು.